ಅತ್ತೆಗೆ ಕಾಣಿಸಿದ ಕಣ್ಣು

ನಮ್ಮತ್ತೆ ಕದಿರಮ್ಮನ ಕಣ್ಣಿನ ಪೊರೆ ತೆಗೆಸಬೇಕು ಅಂತ ಎಲ್ಲರಿಗಿಂತ ಹೆಚ್ಚು ಓಡಾಡಿದವಳು ನಾನು. ತೆಗೆಸುವುದೇ ಬೇಡಪ್ಪಾ ಅಂತ ಒಳಗೊಳಗೇ ದೇವರಲ್ಲಿ ಬೇಡಿಕೊಂಡವಳೂ ನಾನೇ. ಅವಳಿಗೆ ಕಣ್ಣು ಕಾಣಿಸಿದ ದಿನ ಮೊದಲು ಕಾಣುವುದು ನನ್ನ ಮುಖ. ನನ್ನ ಎಡಗಣ್ಣಿನಲ್ಲಿ ಹೂ ಬಿದ್ದಿದೆ. ಕರಿಗುಡ್ಡೆ ಇರಬೇಕಾದ ಕಡೆ ಸುಣ್ಣ ಹಚ್ಚಿದ ಹಾಗೆ ಬೆಳ್ಳಗಿದೆ. ಆ ಕಣ್ಣು ಹೋಗಿದ್ದು ಅತ್ತೆಯಿಂದಲೇ. ಊರಿಗೆಲ್ಲ ಗೊತ್ತಿದ್ದ ಈ ಸಂಗತಿ ಅತ್ತೆಗೊಬ್ಬಳಿಗೆ ಗೊತ್ತಿರಲಿಲ್ಲ.

ನಮ್ಮೂರು ಆಂಧ್ರದ ಗಡಿಯ ನಂಗಲಿಗೆ ಹತ್ತಿರ. ಕಣದಲ್ಲಿ ಹೊಟ್ಟು, ಹಿಪ್ಪುನೇರಳೆ ತೋಟದಲ್ಲಿ ಕಡ್ಡಿಚೂರು, ಗಾರೆ ಕೆಲಸದಲ್ಲಿ ಸಿಮೆಂಟಿನ ಪುಡಿ, ಯಾರ ಕಣ್ಣಿಗೆ ಏನು ಬಿದ್ದರೂ ಕದಿರಮ್ಮನ ಜಗಲಿಗೆ ಬರುವುದು ವಾಡಿಕೆ. ಅತ್ತೆ ಮೊದಲು ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸುತ್ತಿದ್ದಳು. ಬಂದವರನ್ನು ನೆಲದ ಮೇಲೆ ಕೂರಿಸಿ, ತಲೆಯನ್ನು ತನ್ನ ಮೊಣಕಾಲುಗಳ ನಡುವೆ ಹಿಡಿದು, ಎರಡು ಬೆರಳಲ್ಲಿ ರೆಪ್ಪೆ ಅಗಲಿಸಿ, ನಾಲಿಗೆಯ ತುದಿಯಿಂದ ಕಣ್ಣನ್ನು ಒಂದು ಸಲ ಸವರುತ್ತಿದ್ದಳು. ಕಸ ನಾಲಿಗೆಗೆ ಅಂಟಿಕೊಂಡು ಬರುತ್ತಿತ್ತು. ಅದನ್ನು ಅಂಗೈಗೆ ಉಗುಳಿ ಅವರಿಗೇ ತೋರಿಸಿ, ಕೊನೆಗೆ ಒಂದು ತೊಟ್ಟು ಹರಳೆಣ್ಣೆ ಬಿಡುತ್ತಿದ್ದಳು. ಕಾಸು ಮುಟ್ಟುತ್ತಿರಲಿಲ್ಲ. ಎಲೆ ಅಡಿಕೆ ಕೊಟ್ಟರೆ ತಗೊಳ್ಳುತ್ತಿದ್ದಳು. ಗಡಿ ದಾಟಿ ಆಂಧ್ರದ ಹಳ್ಳಿಗಳಿಂದಲೂ ಜನ ಬರುತ್ತಿದ್ದರು. ದೇವರು ಈ ಹೆಂಗಸಿನ ನಾಲಿಗೆಯಲ್ಲೇ ಒಂದು ಕಣ್ಣಿಟ್ಟಿದ್ದಾನೆ ಅನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಅತ್ತೆ ಸೆರಗು ಸರಿಮಾಡಿಕೊಂಡು, ಏನೂ ಕೇಳಿಸಲಿಲ್ಲವೇನೋ ಅನ್ನುವ ಹಾಗೆ ಕೂರುತ್ತಿದ್ದಳು.

ಅವಳು ನನಗೆ ಅತ್ತೆ ಮಾತ್ರವಲ್ಲ, ನಮ್ಮಪ್ಪನ ಸ್ವಂತ ತಂಗಿ. ನಮ್ಮಮ್ಮ ತೀರಿಕೊಂಡಾಗ ನನಗಿನ್ನೂ ಜಡೆ ಹಾಕಿಕೊಳ್ಳುವುದಕ್ಕೂ ಬರುತ್ತಿರಲಿಲ್ಲ. ಅತ್ತೆಯೇ ಕರೆದುಕೊಂಡು ಬಂದು ಸಾಕಿದಳು, ಆಮೇಲೆ ತನ್ನ ಮಗ ಕದಿರೇಶನಿಗೇ ತಂದುಕೊಂಡಳು. ಹಾಗಾಗಿ ಅವಳ ಜೊತೆ ನನಗೆ ನೀನು ಅಂತ ಕರೆಯುವ ಸಲಿಗೆ. ಗಂಡನ ಜೊತೆಯಲ್ಲೂ ಅಷ್ಟೇ.

ಮೂರು ವರ್ಷದ ಹಿಂದೆ, ಹುರುಳಿ ಒಕ್ಕುವ ಕಾಲ. ನಮ್ಮ ಕಡೆ ಈಗ ಕಣ ಯಾರು ಮಾಡುತ್ತಾರೆ? ಕಿತ್ತ ಗಿಡವನ್ನು ಟಾರು ರಸ್ತೆ ಮೇಲೆ ಹರಡುವುದು. ಬರುವ ಹೋಗುವ ಗಾಡಿಗಳೇ ತುಳಿದು ಕಾಳು ಬಿಡಿಸುತ್ತವೆ. ಹೀಗೆ ಹಾಕಬಾರದು ಅಂತ ಅಧಿಕಾರಿಗಳು ಬಂದು ಬೈದು ಹೋಗುತ್ತಾರೆ, ಅವರ ಜೀಪೂ ಅದರ ಮೇಲೇ ಹೋಗುತ್ತದೆ. ಆವತ್ತು ಟೊಮೆಟೊ ತುಂಬಿದ ಟೆಂಪೋ ಒಂದು ಕೋಲಾರದ ಮಾರ್ಕೆಟ್ಟಿಗೆ ರಭಸದಿಂದ ಹೋಯಿತು. ಅದು ಎಬ್ಬಿಸಿದ ಹೊಟ್ಟಿನಲ್ಲಿ ಒಂದು ಚೂರು ನನ್ನ ಎಡಗಣ್ಣಿಗೆ ಬಿತ್ತು. ಅತ್ತೆಯ ಹತ್ತಿರ ಹೋದೆ. ಅಷ್ಟು ಹೊತ್ತಿಗೆ ಅವಳ ಎರಡೂ ಕಣ್ಣಿಗೆ ಪೊರೆ ಬಂದು, ಎದುರಿಗೆ ನಿಂತವರು ಗಂಡಸೋ ಹೆಂಗಸೋ ಅನ್ನುವಷ್ಟು ಮಾತ್ರ ಕಾಣಿಸುತ್ತಿತ್ತು. ಅದಕ್ಕೆಲ್ಲ ಕಣ್ಣೇ ಬೇಕಾ ಅಂತ ಅವಳು ಕೂತಳು, ನಾನೂ ತಲೆ ಕೊಟ್ಟೆ. ಕಸ ಬಂತು. ಆದರೆ ಅದರ ಒಂದು ಎಳೆ ಕರಿಗುಡ್ಡೆಯಲ್ಲೇ ಚುಚ್ಚಿಕೊಂಡು ಉಳಿದಿತ್ತು ಅಂತ ಆಮೇಲೆ ತಿಳಿಯಿತು.

ಎರಡೇ ದಿನಕ್ಕೆ ಕಣ್ಣು ಕೆಂಡವಾಯಿತು. ಕದಿರೇಶ ಮೆಡಿಕಲ್ ಶಾಪಿನಿಂದ ಯಾವುದೋ ಡ್ರಾಪ್ಸ್ ತಂದ. ಹಾಕಿದಾಗ ತಣ್ಣಗಾಯಿತು, ಮಾರನೆಯ ವಾರ ತಲೆ ಒಡೆದು ಹೋಗುವಷ್ಟು ನೋವು ಶುರುವಾಯಿತು. ಕೋಲಾರದ ಕಣ್ಣಿನ ಆಸ್ಪತ್ರೆಯಲ್ಲಿ ಡಾಕ್ಟರ್ ಆಶಾರಾಣಿ ಅನ್ನುವವರು ಕಣ್ಣನ್ನು ಕೆರೆದು ಗಾಜಿನ ಮೇಲೆ ಹಾಕಿ ನೋಡಿದರು. "ಬೂಸ್ಟು ಹಿಡಿದಿದೆಯಮ್ಮ. ಹೊಟ್ಟು ಚುಚ್ಚಿದ ಗಾಯಕ್ಕೆ ಎಂಜಲು ಸೇರಿದೆ, ಅದರ ಮೇಲೆ ಕೇಳದೆ ಮಾಡದೆ ಆ ಡ್ರಾಪ್ಸ್ ಬೇರೆ," ಅಂದರು. ಅಲ್ಲೇ ಮಲಗಿಸಿಕೊಂಡು ಗಂಟೆ ಗಂಟೆಗೂ ಔಷಧಿ ಹಾಕಿದರು. ಕಣ್ಣುಗುಡ್ಡೆ ಉಳಿಯಿತು, ನೋಟ ಉಳಿಯಲಿಲ್ಲ. ಬೆಂಗಳೂರಿಗೆ ಹೋಗಿ, ಸತ್ತವರು ಯಾರಾದರೂ ಕೊಟ್ಟ ಕಣ್ಣಿಗೆ ಕಾದು, ಮೇಲಿನ ಪದರ ಬದಲಾಯಿಸಬಹುದು, ಆದರೂ ಖಾತ್ರಿ ಕೊಡಲಾರೆ ಅಂದರು. ಅಲ್ಲಿಗೆ ಆ ಮಾತು ನಿಂತಿತು.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕದಿರೇಶ ನನ್ನ ಕೈ ಹಿಡಿದು ಹೇಳಿದ: "ಅಮ್ಮಂಗೆ ಹೇಳೋದು ಬೇಡ ಕಣೇ. ಜೀವ ಬಿಟ್ಬಿಡ್ತಾಳೆ."

ಅವನು ಸುಳ್ಳು ಹೇಳಲಿಲ್ಲ. ಹಿಂದೊಂದು ಸಲ ಅತ್ತೆ ಕೊಟ್ಟ ನಾಟಿ ಔಷಧಿ ಕುಡಿದು ಪಕ್ಕದ ಮನೆಯ ಕರು ಸತ್ತಿತು. ಅವಳು ಅನ್ನ ಬಿಟ್ಟು ಹಾಸಿಗೆ ಹಿಡಿದಿದ್ದಳು. ಕರುವಿಗೇ ಅಷ್ಟು ಮಾಡಿಕೊಂಡವಳು ಸಾಕಿದ ಸೊಸೆಯ ಕಣ್ಣಿಗೆ ಏನು ಮಾಡಿಕೊಂಡಾಳು ಅಂತ ನಾನೂ ಹೆದರಿದೆ. ಹೂಂ ಅಂದೆ. ಜ್ವರಕ್ಕೆ ಆಸ್ಪತ್ರೆ ಸೇರಿದ್ದು ಅಂತ ಅತ್ತೆಗೆ ಹೇಳಿದೆವು. ಮನೆಗೆ ಬಂದ ದಿನ ಅತ್ತೆ, "ಜ್ವರ ಬಿಡ್ತೇನಮ್ಮಾ? ಕಣ್ಣು ಹೆಂಗಿದೆ?" ಅಂತ ಕೇಳಿದಳು. ಚೆನ್ನಾಗಿದೆ ಅತ್ತಮ್ಮ ಅಂದೆ.

ಯಾರ ಮನೆಯ ಕೋಳಿ ಎಲ್ಲಿ ಮೊಟ್ಟೆಯಿಟ್ಟಿತು ಅನ್ನುವುದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುವ ನಮ್ಮೂರಲ್ಲಿ ನನ್ನ ಕಣ್ಣೊಂದು ಅತ್ತೆಯ ಮಟ್ಟಿಗೆ ಗುಟ್ಟಾಗಿ ಉಳಿಯಿತು. ಎಲ್ಲರೂ ಅತ್ತೆಯ ಮೇಲೆ ಕರುಣೆಯಿಟ್ಟರು. ಅವಳೋ ಜಗಲಿಯಲ್ಲಿ ಕೂತು, "ನಮ್ಮ ಮುನಿಲಕ್ಷ್ಮಿ ಕಣ್ಣಲ್ಲಿ ಎಷ್ಟು ದೊಡ್ಡ ಹೊಟ್ಟಿತ್ತು ಗೊತ್ತಾ? ಒಂದೇ ಸಲಕ್ಕೆ ತೆಗೆದೆ. ಈಗ ನೋಡ್ರೀ, ಹೆಂಗವಳೆ," ಅಂತ ನನ್ನನ್ನೇ ಕರೆದು ತೋರಿಸುತ್ತಿದ್ದಳು. ಬಂದವರು ನನ್ನ ಮುಖ ನೋಡಿ, ತಲೆ ತಗ್ಗಿಸಿ, "ಹೌದಮ್ಮ, ಚೆನ್ನಾಗವ್ರೆ," ಅನ್ನುತ್ತಿದ್ದರು. ಆಗ ನನಗೆ ಬರುತ್ತಿದ್ದ ಸಿಟ್ಟು ಹೇಳತೀರದು. ಕಣ್ಣು ಕಳಕೊಂಡವಳು ನಾನು, ಕಾಪಾಡಬೇಕಾದ್ದು ಅವಳನ್ನು. ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ಇಡುತ್ತಿದ್ದೆ. "ಮೆಲ್ಲಗೆ ಕಣೇ, ಸೊಟ್ಟಗಾಗ್ತವೆ," ಅಂತ ಅಲ್ಲಿಂದಲೇ ಕೂಗುತ್ತಿದ್ದಳು.

ಅಲ್ಲಿಂದಾಚೆ ಕಣ್ಣುಜ್ಜಿಕೊಂಡು ಬಂದವರನ್ನೆಲ್ಲ ಬೀದಿಯಲ್ಲೇ ತಡೆದು, ನನ್ನ ಮುಖ ತೋರಿಸಿ, ಮುಳಬಾಗಿಲಿಗೋ ಕೋಲಾರಕ್ಕೋ ಕಳಿಸುತ್ತಿದ್ದೆ. ಬಾಯಿ ತೆರೆದು ಹೇಳಬೇಕಾದ ಅವಶ್ಯಕತೆಯೇ ಇರುತ್ತಿರಲಿಲ್ಲ. ಜಗಲಿ ಖಾಲಿಯಾಯಿತು. ಅತ್ತೆ ಅದನ್ನು ತನ್ನ ಪೊರೆಯ ತಲೆಗೆ ಕಟ್ಟಿದಳು. "ನಂಗೇ ಕಾಣಿಸಲ್ಲ ಅಂದ್ಮೇಲೆ ನಂಬಿಕೊಂಡು ಯಾರು ಬರ್ತಾರೆ? ಆಪರೇಷನ್ ಮಾಡಿಸ್ರಪ್ಪಾ. ಕಣ್ಣು ಬಂದ್ರೆ ಜನಾನೂ ಬರ್ತಾರೆ," ಅಂತ ಶುರುಮಾಡಿದಳು. ಇವತ್ತು ನಾಳೆ ಅಂತ ದಿನ ತಳ್ಳಿದೆವು. ಈ ವರ್ಷ ಅವಳು ಬಚ್ಚಲಿನಲ್ಲಿ ಎಡವಿ ಬಿದ್ದು ಮಂಡಿ ಒಡೆದುಕೊಂಡಳು. ತಟ್ಟೆಯಲ್ಲಿ ಮುದ್ದೆ ಎಲ್ಲಿದೆ ಅಂತ ಕೈಯಲ್ಲಿ ತಡಕುವುದನ್ನು ನೋಡಲಾರದೆ ನಾನೇ ಹಟ ಹಿಡಿದೆ. ನನ್ನ ಗುಟ್ಟಿಗೋಸ್ಕರ ಅವಳನ್ನು ಕತ್ತಲಲ್ಲಿ ಕೂರಿಸುವಷ್ಟು ಕೆಟ್ಟವಳು ನಾನಲ್ಲ. ನಂಗಲಿಯಲ್ಲಿ ಕಣ್ಣಿನ ಕ್ಯಾಂಪ್ ಆದಾಗ ಕರೆದುಕೊಂಡು ಹೋದೆ. ಅವರೇ ವ್ಯಾನಿನಲ್ಲಿ ಕೋಲಾರಕ್ಕೆ ಕರೆದೊಯ್ದರು.

ಮೊದಲು ಬಲಗಣ್ಣು. ಊಟ ಮಾಡುವಷ್ಟು ಹೊತ್ತಿನಲ್ಲಿ ಆಪರೇಷನ್ ಮುಗಿಯಿತು. ಬೆಳಿಗ್ಗೆ ನರ್ಸಮ್ಮ ಬಂದು ಪಟ್ಟಿ ಬಿಚ್ಚಿದರು. ನಾನು ಮಂಚದ ಪಕ್ಕ ನಿಂತಿದ್ದೆ. ಅತ್ತೆ ಕಿಟಕಿ ನೋಡಿದಳು, ನರ್ಸಮ್ಮನ ಕೈಬಳೆ ನೋಡಿದಳು, ಗೋಡೆಯ ಹಸಿರು ಬಣ್ಣ ನೋಡಿ ನಕ್ಕಳು. ಆಮೇಲೆ ನನ್ನ ಕಡೆ ತಿರುಗಿದಳು. ನಗು ಹಾಗೇ ನಿಂತಿತು.

"ಅಯ್ಯೋ ದೇವುಡಾ! ಇದೇನೇ ಇದು? ಕಣ್ಣಲ್ಲಿ ಹೂ ಬಿದ್ದೈತಲ್ಲೇ!"

ನಾನು ಸೆರಗಿನಿಂದ ಎಡಗಣ್ಣು ಮುಚ್ಚಿಕೊಂಡೆ.

"ಆವತ್ತು ನಾನು ತೆಗೆದ ಕಣ್ಣಲ್ವೇನೇ ಇದು? ಅಷ್ಟು ಚೆನ್ನಾಗಿ ಆಗಿತ್ತಲ್ಲ! ಮತ್ತೆ ಏನು ಬಿತ್ತೇ ಅದಕ್ಕೆ?" ಅಂದವಳು ನನ್ನ ಕೈ ಎಳೆದು ಮಂಚದ ಮೇಲೆ ಕೂರಿಸಿಕೊಂಡಳು. "ಯಾಕಮ್ಮಾ ನನ್ನ ಹತ್ರ ಬರ್ಲಿಲ್ಲ? ಬಂದಿದ್ರೆ ನಾನು ತೆಗೀತಿರ್ಲಿಲ್ವಾ?"

ಬೈದಾಳು, ಎದೆ ಬಡಿದುಕೊಂಡಾಳು ಅಂದುಕೊಂಡಿದ್ದೆ. ಯಾಕೆ ನನ್ನ ಹತ್ತಿರ ಬರಲಿಲ್ಲ ಅಂತ ಕೇಳಿಯಾಳು ಅಂತ ಕನಸಲ್ಲೂ ಎಣಿಸಿರಲಿಲ್ಲ. "ಹಿಪ್ಪುನೇರಳೆ ಸೊಪ್ಪು ಕುಯ್ಯೋವಾಗ ಕಡ್ಡಿ ಹೊಡೀತು ಅತ್ತಮ್ಮ. ನಿಂಗೆ ಕಾಣಿಸ್ತಿರ್ಲಿಲ್ಲ, ಯಾಕೆ ಸಂಕಟ ಕೊಡೋದು ಅಂತ ಹೇಳ್ಲಿಲ್ಲ," ಅಂದೆ. ಅವಳು ನಂಬಿದಳು. ಊರು ಸೇರುವವರೆಗೂ, ನಂಗೆ ಹೇಳಬಾರದಾಗಿತ್ತಾ, ಹೇಳಬಾರದಾಗಿತ್ತಾ ಅಂತ ಬಸ್ಸಿನಲ್ಲಿ ಕಣ್ಣೊರೆಸಿಕೊಳ್ಳುತ್ತಲೇ ಬಂದಳು. ಕಣ್ಣು ಒರೆಸಬೇಡ, ಡಾಕ್ಟರು ಹೇಳಿಲ್ವಾ ಅಂತ ನಾನು ಗದರುತ್ತಾ ಬಂದೆ.

ಡಾಕ್ಟರು ಹೇಳಿದ್ದು ಬಹಳ ಇತ್ತು. ತಲೆಗೆ ನೀರು ಹಾಕಬಾರದು, ಬಗ್ಗಬಾರದು, ಒಲೆಯ ಹೊಗೆಗೆ ಹೋಗಬಾರದು, ಕಪ್ಪು ಕನ್ನಡಕ ತೆಗೆಯಬಾರದು. ಎಲ್ಲಕ್ಕಿಂತ ಮುಖ್ಯ ಡ್ರಾಪ್ಸ್. ಅದನ್ನು ತಪ್ಪಿಸಿದರೆ ಒಳಗೆ ಕೀವಾಗಿ ಇದ್ದ ಕಣ್ಣೂ ಹೋಗುತ್ತದೆ ಅಂತ ಎರಡೆರಡು ಸಲ ಹೇಳಿ ಕಳಿಸಿದ್ದರು. ನಾನೇ ಕೈ ತೊಳೆದುಕೊಂಡು ಹೊತ್ತು ಹೊತ್ತಿಗೆ ಹಾಕುತ್ತಿದ್ದೆ. ಅವಳು ಮಗುವಿನ ಹಾಗೆ ಮುಖವೆತ್ತಿ ಕೊಡುತ್ತಿದ್ದಳು.

ಆ ವಾರವೇ ನಮ್ಮ ಎದುರು ಮನೆಯ ವೆಂಕಟರತ್ನಮ್ಮನವರು ರಸ್ತೆಗೆ ಹುರುಳಿ ಹಾಕಿದರು. ಅವರ ಮಗಳು ಮೇಘನ ಕೋಲಾರದಲ್ಲಿ ಡಿಗ್ರಿ ಓದುವವಳು, ರಜಕ್ಕೆ ಬಂದಿದ್ದಳು, ಕಾಳು ಗುಡಿಸುತ್ತಿದ್ದಳು. ನಾನು ಹಿತ್ತಲಲ್ಲಿ ಹಸುವಿಗೆ ನೀರಿಡುತ್ತಿದ್ದಾಗ ಜಗಲಿಯ ಕಡೆ ಗದ್ದಲ ಕೇಳಿಸಿತು. ಬಂದು ನೋಡಿದರೆ ಅತ್ತೆ ಕಪ್ಪು ಕನ್ನಡಕ ತೆಗೆದು ಪಕ್ಕಕ್ಕಿಟ್ಟಿದ್ದಾಳೆ. ಬಾಯಿ ಮುಕ್ಕಳಿಸಿದ ಉಪ್ಪುನೀರಿನ ಚೊಂಬು ಪಕ್ಕದಲ್ಲಿದೆ. ಮೇಘನಳ ತಲೆ ಅವಳ ಮೊಣಕಾಲುಗಳ ನಡುವೆ ಇದೆ. ಹುಡುಗಿ ನೋವಿಗೆ ಕಾಲು ಬಡಿಯುತ್ತಿದ್ದಳು. ವೆಂಕಟರತ್ನಮ್ಮನವರು ಅವಳ ಕಾಲು ಹಿಡಿದುಕೊಂಡಿದ್ದರು. ನನ್ನ ಕಣ್ಣಿನ ಕಥೆ ಪೂರ್ತಿ ಗೊತ್ತಿದ್ದ ಹೆಂಗಸು! ಮಗಳ ಅಳು ಕೇಳಿ ಬುದ್ಧಿಯೇ ಕೆಲಸ ಮಾಡಿರಲಿಲ್ಲವೋ ಏನೋ.

"ಅತ್ತಮ್ಮ, ಬಿಡು ಅವಳನ್ನ!" ಅಂತ ಕೂಗಿದೆ.

"ಯಾಕೇ? ಈಗ ಕಾಣಿಸ್ತೈತಲ್ಲ ನಂಗೆ. ಇಲ್ನೋಡು, ಕರಿಗುಡ್ಡೆ ಅಂಚಲ್ಲೇ ಕೂತೈತೆ," ಅಂತ ಬಗ್ಗಿದಳು. ಎಷ್ಟೋ ದಿನಕ್ಕೆ ಅವಳ ಮುಖದಲ್ಲಿ ಅಂಥ ಕಳೆ ಕಂಡಿದ್ದೆ.

ಡಾಕ್ಟರು ಬೈತಾರೆ, ನಿನ್ನ ಆಪರೇಷನ್ ಕೆಡುತ್ತೆ, ಏನೇನೋ ಹೇಳಿದೆ. ಒಂದೇ ನಿಮಿಷ ಅಂದಳು. ನಾಲಿಗೆ ಹುಡುಗಿಯ ಕಣ್ಣಿನ ಹತ್ತಿರ ಬಂದಿತ್ತು. ನಾನು ಅವಳ ಭುಜ ಹಿಡಿದು ಹಿಂದಕ್ಕೆ ಎಳೆದೆ.

"ನಾನೂ ನಿನ್ನ ಹತ್ರಾನೇ ಬಂದಿದ್ದೆ ಅತ್ತಮ್ಮ. ಕಡ್ಡಿ ಹೊಡೀಲಿಲ್ಲ. ಅದು ಸುಳ್ಳು. ನೀನು ಹೊಟ್ಟು ತೆಗೆದ ಮೇಲೇ ನನ್ನ ಕಣ್ಣು ಹೋಗಿದ್ದು. ಜ್ವರ ಅಂತ ಹೇಳಿ ನಾನು ಮಲಗಿದ್ದು ಕಣ್ಣಿನ ಆಸ್ಪತ್ರೇಲಿ."

ಅತ್ತೆ ನನ್ನನ್ನು ನೋಡಿದಳು. ಸುಳ್ಳೋ ನಿಜವೋ ಅಂತ ತಿಳಿಯಲು ವೆಂಕಟರತ್ನಮ್ಮನವರ ಕಡೆ ನೋಡಿದಳು. ಅವರು ಮುಖ ತಿರುಗಿಸಿಕೊಂಡರು. ಅಷ್ಟೇ ಸಾಕಾಯಿತು. ಅತ್ತೆಯ ಮೊಣಕಾಲುಗಳು ಸಡಿಲವಾದವು, ಮೇಘನ ಎದ್ದು ಕೂತಳು.

ನಾನೇ ಆಟೋ ಕೂಗಿಸಿ ತಾಯಿ ಮಗಳನ್ನು ಕೂರಿಸಿದೆ. ಉಜ್ಜಬೇಡ, ಮೆಡಿಕಲ್ ಶಾಪಿಗೆ ಹೋಗಬೇಡಿ, ನೇರ ಆಸ್ಪತ್ರೆಗೇ ಹೋಗಿ ಅಂತ ಹೇಳಿ ಕಳಿಸಿದೆ. ಡಾಕ್ಟರು ಮರಗಟ್ಟುವ ಔಷಧಿ ಹಾಕಿ ಸೂಜಿಯ ತುದಿಯಲ್ಲಿ ಹೊಟ್ಟು ತೆಗೆದರಂತೆ. ಸಂಜೆ ಫೋನ್ ಬಂತು, ಕಣ್ಣಿಗೆ ಏನೂ ಆಗಿಲ್ಲ ಅಂತ. ಹೋಗಿ ಅತ್ತೆಗೆ ಹೇಳಿದೆ. ಅವಳು ಒಳಗಿನ ಕೋಣೆಯಲ್ಲಿ ಗೋಡೆಗೆ ಮುಖಮಾಡಿ ಮಲಗಿದ್ದಳು. ಡ್ರಾಪ್ಸ್ ಹಾಕಲು ಹೋದರೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು.

ಕದಿರೇಶ ತೋಟದಿಂದ ಬಂದವನೇ ನನ್ನ ಮೇಲೆ ಹರಿಹಾಯ್ದ. "ಬೇಡ ಅಂತ ಹೇಳಿದ್ನೋ ಇಲ್ವೋ? ಈಗ ನೋಡು!"

"ಆ ಹುಡುಗಿ ಕಣ್ಣು ಹೋಗೋದನ್ನ ನೋಡ್ಕೊಂಡು ನಿಂತಿರಬೇಕಿತ್ತಾ?" ಅಂದೆ.

"ಬೇರೆ ಏನಾದ್ರೂ ಹೇಳಬಹುದಿತ್ತು."

"ಬೇರೆ ಹೇಳಿ ಹೇಳಿ ನನ್ನ ಬಾಯಿ ಕೆಟ್ಟುಹೋಗಿದೆ," ಅಂದೆ. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿಬಿಟ್ಟ.

ಮಾರನೆಯ ದಿನವೂ ಅವಳು ಔಷಧಿ ಹಾಕಿಸಿಕೊಳ್ಳಲಿಲ್ಲ. ಕಾಫಿ ಕುಡಿದಳು, ಒಂದು ತುತ್ತು ಮುದ್ದೆ ತಿಂದಳು, ಕಣ್ಣು ಮಾತ್ರ ಕೊಡಲಿಲ್ಲ. ಮಗ ಬೇಡಿಕೊಂಡ, ಕೊನೆಗೆ ಕಾಲು ಹಿಡಿದ. ಜಗ್ಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಆ ಕಣ್ಣಿನ ಬಿಳಿಯಲ್ಲಿ ಕೆಂಪು ಎಳೆಗಳು ಎದ್ದವು. ಆ ಕೆಂಪು ಹೇಗೆ ಶುರುವಾಗುತ್ತದೆ ಅಂತ ನನಗಿಂತ ಚೆನ್ನಾಗಿ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕದಿರೇಶನಿಗೆ ಆಟೋ ತರಲು ಹೇಳಿ, ಕೈ ತೊಳೆದುಕೊಂಡು, ಔಷಧಿಯ ಸೀಸೆ ಹಿಡಿದು ಒಳಗೆ ಹೋಗಿ ಬಾಗಿಲು ಮುಚ್ಚಿದೆ.

"ಏಳು ಅತ್ತಮ್ಮ."

"ಬೇಡ. ಹೋಗ್ಲಿ ಬಿಡು," ಅಂದಳು ಗೋಡೆಗೆ. "ನಿಂದು ಕಿತ್ಕೊಂಡ ಪಾಪಕ್ಕೆ ನಂದೂ ಹೋಗ್ಲಿ. ಸಮ ಆಗ್ತೈತೆ."

ನನಗೆ ಎಲ್ಲಿತ್ತೋ ಸಿಟ್ಟು. "ಸಮ ಆಗುತ್ತಾ? ನಿಂದು ಹೋದ್ರೆ ನಂದು ಬರುತ್ತಾ? ಬರುತ್ತೆ ಅನ್ನೋದಾದ್ರೆ ಹೇಳು, ಈ ಸೀಸೆ ಈಗಲೇ ತಿಪ್ಪೆಗೆ ಎಸೀತೀನಿ!"

ಅವಳ ಭುಜ ಅಲುಗುತ್ತಿತ್ತು. ನಾನು ಮಂಚದ ಅಂಚಿನಲ್ಲಿ ಕೂತೆ. ಸಿಟ್ಟು ಹಾಗೇ ಇತ್ತು, ಆದರೆ ಅದರ ಕೆಳಗಿದ್ದದ್ದು ಬಾಯಿಗೆ ಬಂತು.

"ಮೂರು ವರ್ಷದಿಂದ ಈ ಮನೇಲಿ ಒಬ್ಬರೂ ನನ್ನ ಕಣ್ಣು ನೋಡಿಲ್ಲ. ನಿನ್ನ ಮಗ ನನ್ನ ಬಲಗಡೆನೇ ಕೂತ್ಕೋತಾನೆ. ಬೀದಿಯೋರು ತಲೆ ಬಗ್ಗಿಸ್ಕೊಂಡು ಹೋಗ್ತಾರೆ. ಅತ್ತರೆ ನಿಂಗೆ ಕೇಳಿಸ್ತೈತೆ ಅಂತ ನಾನು ಅಳಲೂ ಇಲ್ಲ. ನಂಗೆ ಅಮ್ಮ ಅಂತ ಇದ್ದೋಳು ನೀನೊಬ್ಳೇ. ನನ್ನ ಕಣ್ಣು ಹೋಯ್ತು ಅಂತ ನಿನ್ನ ಹತ್ರಾನೇ ಹೇಳ್ಕೊಂಡು ಅಳೋ ಹಂಗಿರ್ಲಿಲ್ಲ. ಈಗ ನಿಂಗೆ ಗೊತ್ತಾಗೈತೆ. ನೀನೂ ಗೋಡೆ ಕಡೆ ತಿರುಗಿಕೊಂಡು ಮಲಗಿದ್ರೆ ನಾನು ಯಾರ ಹತ್ರ ಹೋಗ್ಲಿ?"

ಹೊರಗೆ ಆಟೋ ಬಂದು ನಿಂತ ಸದ್ದಾಯಿತು. ಆಮೇಲೆ ಅತ್ತೆ ಮಂಚಕ್ಕೆ ಕೈ ಊರಿ ಎದ್ದು ಕೂತಳು, ನನ್ನ ಕಡೆ ತಿರುಗಿದಳು. ಸೆರಗು ಸರಿಸಿ ನನ್ನ ಎಡಗಣ್ಣನ್ನು ನೋಡಿದಳು. ಬೇರೆಯವರ ಹಾಗೆ ನೋಡಿಯೂ ನೋಡದಂತೆ ಅಲ್ಲ. ಹತ್ತಿರ ಬಂದು, ರೆಪ್ಪೆ ಬಡಿಯದೆ, ಆ ಬಿಳಿಯ ಅಂಚನ್ನೆಲ್ಲ ನೋಡಿದಳು. ನಾನು ಮುಖ ತಿರುಗಿಸಲಿಲ್ಲ. ಅವಳ ಕೈ ಮೇಲೆದ್ದು ನನ್ನ ಕಣ್ಣಿನವರೆಗೂ ಬಂತು. ಮುಟ್ಟಲು ಹೆದರಿ ಗಾಳಿಯಲ್ಲೇ ನಿಂತಿತು.

"ನೋವು ಬಹಳ ಇತ್ತೇನಮ್ಮಾ?" ಅಂತ ಕೇಳಿದಳು.

"ಇತ್ತು ಅತ್ತಮ್ಮ," ಅಂದೆ. "ಬಹಳ ಇತ್ತು."

ಅಷ್ಟು ಹೇಳಿದ್ದೇ ತಡ, ತಡೆಯಲಾಗಲಿಲ್ಲ. ಅವಳ ಮಡಿಲಿಗೆ ಬಿದ್ದು ಅತ್ತುಬಿಟ್ಟೆ. ಅವಳು ತಲೆ ಸವರುತ್ತಾ, "ಅಳು, ಅಳು," ಅನ್ನುತ್ತಿದ್ದಳು. ಕದಿರೇಶ ಬಾಗಿಲು ತಟ್ಟಿ ಹೊತ್ತಾಗುತ್ತೆ ಅಂತ ಕೂಗಿದ. ನಾನು ಎದ್ದು ಮುಖ ಒರೆಸಿಕೊಂಡು, ಮತ್ತೊಮ್ಮೆ ಕೈ ತೊಳೆದುಕೊಂಡು ಬಂದೆ. ಅತ್ತೆ ಆಗಲೇ ಮುಖವೆತ್ತಿ, ಕಣ್ಣು ತೆರೆದುಕೊಂಡು ಕೂತಿದ್ದಳು.